ಹತ್ತಕ್ಕೆ ಎಷ್ಟು ಆರಾಮ?

ಜನರ ಆರೋಗ್ಯ ಅಳೆಯಲು ಹೋದವನಿಗೆ ದಿನಕ್ಕೊಂದು ಫಜೀತಿ ಆಗದಿದ್ದರೆ ಅವನು ಮನೆ ಬಿಟ್ಟೇ ಹೊರಟಿಲ್ಲ ಎಂದು ತಿಳಿಯಬೇಕು. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಆ ಓದಿನ ಫಲವಾಗಿ ಒಂದು ತೂಕದ ಯಂತ್ರ, ಒಂದು ಬಿಪಿ ಯಂತ್ರ, ಒಂದು ಟ್ಯಾಬ್ ಹೊತ್ತು ಶಿಕಾರಿಪುರ, ಸೊರಬ ತಾಲೂಕುಗಳಲ್ಲಿ ಮನೆಮನೆ ತಿರುಗುವ ಗುತ್ತಿಗೆ ಕೆಲಸ ಸಿಕ್ಕಿತ್ತು. ತೂಕ, ಬಿಪಿ ಆದ ಮೇಲೆ ಕೊನೆಯ ಪ್ರಶ್ನೆ: "ಒಟ್ಟಾರೆ ನಿಮ್ಮ ಬದುಕು ಎಷ್ಟು ನೆಮ್ಮದಿಯಾಗಿದೆ? ಹತ್ತಕ್ಕೆ ಅಂಕ ಕೊಡಿ." ಈ ಪ್ರಶ್ನೆ ಬರೆದವರು ಯಾರ ಮನೆಯ ಜಗಲಿಯ ಮೇಲೂ ಕೂತವರಲ್ಲ.

ಒಂದು ಷರತ್ತಿತ್ತು. ನಾನು ಹೋಗಿಬಂದ ಮನೆಗಳಿಗೆ ಹೆಡ್ಡಾಫೀಸಿನಿಂದ ಒಬ್ಬ ಹುಡುಗಿ ಫೋನ್ ಮಾಡಿ, "ನಮ್ಮವರು ಬಂದಿದ್ದರಾ?" ಎಂದು ಕೇಳುತ್ತಾಳೆ. ಮೂರು ಮನೆಯವರು ಇಲ್ಲ ಎಂದರೆ, ನಾನು ಬಸ್‌ಸ್ಟ್ಯಾಂಡಿನಲ್ಲಿ ಕೂತು ಸುಳ್ಳು ಅಂಕಿ ತುಂಬಿದ್ದೇನೆಂದು ಲೆಕ್ಕ. ಕೆಲಸ ಖಲಾಸ್. ಇದಕ್ಕೂ ಮೊದಲು ಎರಡು ವರ್ಷ ಕೆಲಸವಿಲ್ಲದೆ ಮಾವನ ಮನೆಯಲ್ಲಿ ಊಟ ಮಾಡಿದ್ದೆ. ಮತ್ತೆ ಅಲ್ಲಿ ಎಲೆ ಹಾಕಿಸಿಕೊಳ್ಳುವ ಆಸೆ ನನಗಿರಲಿಲ್ಲ.

ಚೀಲದ ತೂಕ

ಶಿಕಾರಿಪುರದ ಕಡೆಯ ಒಬ್ಬ ಮೆಕ್ಕೆಜೋಳದ ರೈತರು ತೂಕದ ಯಂತ್ರ ಹತ್ತಿದರು. ಎಂಬತ್ನಾಲ್ಕು ತೋರಿಸಿತು. ನಾನು ಬರೆದುಕೊಂಡೆ.

"ಹಂಗ ಹೆಂಗ್ ಬರಕೊಂತೀರಿ?" ಎಂದರು. "ಕಳೀರಿ."

"ಏನು ಕಳೆಯಲಿ?"

"ಅಲ್ರೀ, ನಾ ಮಂಡಿಗೆ ಜೋಳ ಒಯ್ದಾಗ ಚೀಲಕ್ಕ ಒಂದ್ ಕೇಜಿ ಕಳೀತಾರ, ಹಸಿ ಐತಿ ಅಂತ ಎರಡು ಕೇಜಿ ಕಳೀತಾರ. ಜೋಳಕ್ಕೊಂದು ನ್ಯಾಯ, ನನಗೊಂದು ನ್ಯಾಯ ಏನು?"

ಲುಂಗಿ, ಅಂಗಿ, ಬೆಳಿಗ್ಗೆ ಕುಡಿದ ಎರಡು ಚೊಂಬು ನೀರು, ಎಲ್ಲ ಲೆಕ್ಕ ಹಾಕಿ ಎಂಬತ್ತಕ್ಕೆ ಇಳಿಸಬೇಕೆಂದು ಪಟ್ಟು ಹಿಡಿದರು. ನಾನು ಆಗದು ಎಂದೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವರ ಹೆಂಡತಿ ಕೈ ನಿಲ್ಲಿಸದೆ ಹೇಳಿದರು: "ಕಳೀಬ್ಯಾಡ್ರಿ ಸಾರ್. ಚೀಲ ಕಳೆದ್ರ ಒಳಗ ಏನೂ ಉಳಿಯಂಗಿಲ್ಲ."

ಉಪ್ಪಿನಕಾಯಿ

ಅದೇ ತಾಲೂಕಿನ ಒಬ್ಬ ನಿವೃತ್ತ ಮೇಷ್ಟ್ರು. ಬಿಪಿ ನೋಡಿದೆ, ಬಹಳ ಜಾಸ್ತಿ ಇತ್ತು. ಆಸ್ಪತ್ರೆಗೆ ತೋರಿಸಿ, ಅಲ್ಲಿಯವರೆಗೆ ಉಪ್ಪಿನಕಾಯಿ ಮುಟ್ಟಬೇಡಿ ಎಂದೆ. ಮೇಷ್ಟ್ರು ಅಡುಗೆಮನೆಯ ಕಡೆ ನೋಡಿ, ನನ್ನ ಮೊಣಕೈ ಹಿಡಿದು ಅಂಗಳಕ್ಕೆ ಕರೆತಂದರು.

"ಆಸ್ಪತ್ರೆಗೆ ನಾಳೆನ ಹೋಗ್ತೀನಿ. ಆದ್ರ ಮನಿಯಾಗ ಇದು ಗೊತ್ತಾಗಬಾರದು."

ವಾರದ ಮೇಲೆ ಹೆಡ್ಡಾಫೀಸಿನ ಫೋನು ಹೋಯಿತು. ಆರೋಗ್ಯ ಸಮೀಕ್ಷೆಗೆ ಯಾರೂ ಬಂದಿಲ್ಲ, ಬಿಪಿ ನೋಡಿಲ್ಲ ಎಂದು ಮೇಷ್ಟ್ರು ಖಚಿತವಾಗಿ ಹೇಳಿಬಿಟ್ಟರು. ನನ್ನ ಲೆಕ್ಕಕ್ಕೆ ಒಂದು ಬಿತ್ತು. ನಾನು ಫೋನ್ ಮಾಡಿ ಯಾಕೆ ಹೀಗೆ ಮಾಡಿದಿರಿ ಎಂದೆ.

"ತಪ್ಪು ತಿಳೀಬ್ಯಾಡ್ರಿ. ಪಕ್ಕದಾಗ ನಮ್ಮಾಕಿ ಕುಂತಿದ್ಲು. ನಿಮಗ ಇನ್ನೂ ವಯಸ್ಸೈತಿ, ಈ ಕೆಲಸ ಹೋದ್ರ ಇನ್ನೊಂದು ಸಿಗತೈತಿ. ನನಗ ಈ ವಯಸ್ಸಿನಾಗ ಇನ್ನೊಂದು ಭರಣಿ ಉಪ್ಪಿನಕಾಯಿ ಯಾರು ಕೊಡ್ತಾರ?"

ನಾಲ್ಕು ಮತ್ತು ಮೂರು

ಸೊರಬದ ಕಡೆಯ ಕುಬಟೂರಿನಲ್ಲಿ ಇಬ್ಬರು ಹೆಂಗಸರು ಒಂದೇ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅಕ್ಕಪಕ್ಕದ ಮನೆಯವರು. ನೆಮ್ಮದಿ ಹತ್ತಕ್ಕೆ ಎಷ್ಟು ಎಂದು ಕೇಳಿದೆ. ಮೊದಲನೆಯವರು ನಿಟ್ಟುಸಿರು ಬಿಟ್ಟು ನಾಲ್ಕು ಎಂದರು. ಎರಡನೆಯವರು ಅದಕ್ಕಿಂತ ಉದ್ದದ ನಿಟ್ಟುಸಿರು ಬಿಟ್ಟು ಮೂರು ಎಂದರು. ನಮೂದಿಸಿ ಕಳಿಸಿಬಿಟ್ಟೆ.

ಎರಡನೆಯವರು ಒಲೆ ನೋಡಲು ಹೋದದ್ದೇ ತಡ, ಮೊದಲನೆಯವರು ಹತ್ತಿರ ಬಂದರು. "ಅದು ಎಂಟು ಅಂತ ಬರ್ಕಳಿ. ಅವ್ಳ ಕಾಲು ನೋವು ನೋಡಿದ್ರಲ, ಅವ್ಳೆದ್ರಿಗೆ ನಾನು ಆರಾಮದೀನಿ ಅಂತ ಹೆಂಗ್ ಹೇಳ್ಲಿ?"

ಹತ್ತು ಹೆಜ್ಜೆ ಹೋಗಿರಲಿಲ್ಲ, ಬೇಲಿಯ ಹಿಂದಿನಿಂದ ಎರಡನೆಯವರು ಕೈ ಬೀಸಿದರು. "ನಂದು ಒಂಬತ್ತು ಮಾಡಿ. ಪಾಪ ಅವ್ಳೇ ನಾಕು ಅಂದ್ಲಲ. ಬೇಜಾರಾಗ್ತದೆ ಅಂತ ಕಮ್ಮಿ ಹೇಳ್ದೆ."

ಒಮ್ಮೆ ಕಳಿಸಿದ್ದನ್ನು ತಿದ್ದಲು ನನ್ನ ಟ್ಯಾಬಿನಲ್ಲಿ ಬರುವುದಿಲ್ಲ. ನಮ್ಮ ಸಮೀಕ್ಷೆಯ ಪ್ರಕಾರ ಆ ಬೀದಿಯ ಅತ್ಯಂತ ದುಃಖಿಗಳು ಆ ಇಬ್ಬರು. ಬೀದಿಯ ತುದಿಯಿಂದ ನಾನು ತಿರುಗಿ ನೋಡಿದಾಗ ಮತ್ತೆ ಅದೇ ಜಗಲಿಯಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ನಗುತ್ತ ಅರ್ಧ ಅವರೆಕಾಳು ಚೆಲ್ಲಿದ್ದರು.

ಹಕ್ಕಿ ಲೆಕ್ಕ

ಗುಡವಿಯ ಕೆರೆಗೆ ಹಕ್ಕಿ ನೋಡಲು, ಎಣಿಸಲು ಜನ ಬರುತ್ತಲೇ ಇರುತ್ತಾರೆ. ಕುತ್ತಿಗೆಗೆ ಏನಾದರೂ ನೇತುಹಾಕಿಕೊಂಡು ಬಂದವರೆಲ್ಲ ಹಕ್ಕಿಯವರೇ ಎಂಬುದು ಅಲ್ಲಿನ ಒಬ್ಬ ಅಜ್ಜನ ನಂಬಿಕೆ. ನನ್ನ ಕುತ್ತಿಗೆಯಲ್ಲಿ ಗುರುತಿನ ಚೀಟಿ ಇತ್ತು. ಫೋನ್ ಬಂದಾಗ ಅಜ್ಜ ಹೇಳಿದ್ದು ಇಷ್ಟು:

"ಆರೋಗ್ಯದೋರು ಯಾರೂ ಬರ್ಲಿಲ್ಲ. ಹಕ್ಕಿ ಎಣಿಸೋರು ಬಂದಿದ್ರು. ಈ ಸಲ ನಮ್ಮನ್ನೂ ಎಣಿಸ್ಕಂಡು ಹೋದ್ರು."

ಎರಡಾಯಿತು.

ಕೊನೆಯ ಫೋನು

ಮೂರನೆಯದು ತಪ್ಪಲೆಂದು ಮುಂದಿನ ಪ್ರತಿ ಮನೆಯಲ್ಲೂ "ಫೋನ್ ಬಂದರೆ ನಾನು ಬಂದಿದ್ದೆ ಅನ್ನಿ" ಎಂದು ಗಿಳಿಪಾಠ ಹೇಳತೊಡಗಿದೆ. ಹೀಗಿರುವಾಗ ಒಂದು ದಿನ ಸೂಪರ್‌ವೈಸರ್ ಕರೆಸಿದರು. ಸೊರಬದಾಚೆಯ ಒಂದು ಮನೆಗೆ ಹೋದ ಕರೆಯ ರೆಕಾರ್ಡಿಂಗ್ ಹಾಕಿ, "ಕೇಳ್ರಿ" ಎಂದರು. ನಕ್ಕ ದಾಖಲೆ ಇಲ್ಲದ ಮನುಷ್ಯ. ಮಾವನ ಮನೆಯ ಊಟದ ಎಲೆ ಕಣ್ಣಿಗೆ ಕಟ್ಟಿತು.

"ಅಜ್ಜಿ, ನಮ್ಮ ಸರ್ವೆಯವರು ನಿಮ್ಮನೆಗೆ ಬಂದಿದ್ರಾ?" ಹುಡುಗಿಯ ದನಿ.

"ಬಂದಿತ್ತು ಮಾರಾಯ್ತಿ, ಪಾಪದ್ದು."

ನನಗೆ ಉಸಿರು ಬಂತು.

"ನಿಮ್ಮ ಬಿಪಿ ನೋಡಿದ್ರಾ?"

"ನಮ್ದು ಆಮೇಲೆ. ಮೊದ್ಲು ನಾವು ಅವಂದು ನೋಡಿದ್ವಿ."

"ಅಂದ್ರೆ?"

"ಆ ಪಟ್ಟಿ ಕಂಡು ನಂಗೆ ಹೆದ್ರಿಕೆ ಆತು. ನೀನೇ ಕಟ್ಕಂಡು ತೋರ್ಸು ಅಂದೆ. ನಮ್ಮನೆಯವ್ರು ಗುಂಡಿ ಒತ್ತಿದ್ರು. ನಮ್ಮಿಬ್ರದ್ದಕ್ಕಿಂತ ಅವಂದೇ ಜಾಸ್ತಿ. ಇಷ್ಟಿಟ್ಕಂಡು ಬಿಸ್ಲಲ್ಲಿ ತಿರುಗ್ತೀಯಲ ಅಂತ ಬೈದು ಮಲಗ್ಸಿದ್ವಿ."

"ತೂಕ ನೋಡಿದ್ರಾ ಅಜ್ಜಿ?"

"ಅವಂದಾ? ನೋಡೋದೇನು, ಮುಟ್ಟಿದ್ರೆ ಮೂಳೆ."

ಸೂಪರ್‌ವೈಸರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಗೋಡೆ ನೋಡಿದೆ.

"ಹತ್ತಕ್ಕೆ ಎಷ್ಟು ನೆಮ್ಮದಿ ಅಂತ ಕೇಳಿದ್ರಾ?"

"ಕೇಳ್ದ. ಮೊದ್ಲು ನಿಂದು ಹೇಳು ಅಂದೆ. ಮೂರು ಅಂದ. ಈ ವಯಸ್ಸಿಗೆ ಮೂರಾದ್ರೆ ಹೆಂಗೆ? ನಾಕು ಅಕ್ಕಿರೊಟ್ಟಿ, ಎಣ್ಣೆಗಾಯಿ ಹಾಕ್ದೆ. ತಿಂದು ಒಂದು ನಿದ್ದೆ ಮಾಡಿ ಎದ್ದ. ಈಗೆಷ್ಟೋ ಅಂದೆ. ಏಳು ಅಂದ."

ಇಂಥ ಉತ್ತರಕ್ಕೆ ಆ ಹುಡುಗಿಯ ಫಾರಂನಲ್ಲಿ ಜಾಗವಿಲ್ಲ. ಕೊನೆಗೆ, "ಆಯ್ತು ಅಜ್ಜಿ, ಬಂದಿದ್ದರು ಅಂತ ಬರ್ಕೊಂಡೆ, ಇಡ್ತೀನಿ" ಎಂದಳು.

"ತಡಿ. ನಿಂದೆಷ್ಟು?"

"ನಂದಾ?"

"ದಿನಾ ಊರೋರ್ದೆಲ್ಲ ಕೇಳ್ತೀಯಲ. ನಿಂದು ಹೇಳು."

ಹುಡುಗಿ ಸಣ್ಣ ದನಿಯಲ್ಲಿ, "ಎರಡು, ಅಜ್ಜಿ."

"ಹಂಗಾರೆ ಯಾವತ್ತು ಬರ್ತೀಯ?"

ಸೂಪರ್‌ವೈಸರ್ ರೆಕಾರ್ಡಿಂಗ್ ನಿಲ್ಲಿಸಿದರು. ಬಂದಿದ್ದರು ಎಂದು ಬರೆದಾಗಿದೆ, ನಿಯಮದ ಪ್ರಕಾರ ನಿಮ್ಮ ಕೆಲಸಕ್ಕೇನೂ ತೊಂದರೆಯಿಲ್ಲ, ಹೋಗಿ ಎಂದರು. ನಾನು ಎದ್ದೆ. ಬಾಗಿಲವರೆಗೆ ಹೋದಾಗ ಹಿಂದಿನಿಂದ ಕರೆದರು.

"ಅಲ್ರೀ, ಆ ಮನೆಗೆ ಸೊರಬದಿಂದ ಬಸ್ಸಿದೆಯಾ?"