ಚೂರುಪಾರು ಬಿಸ್ಕತ್ತು

ನನ್ನ ಹೆಂಡತಿ ಆರ್ಡಿಸ್‌ಳನ್ನು ಅಂಗಡಿಯವನ ಕಣ್ಣಿನಿಂದ ಅಳೆದು ಹೇಳುವುದಾದರೆ: ಎತ್ತರ ಐದಡಿ ಒಂದಿಂಚು, ಮಾಲು ಗಟ್ಟಿ, ತುಕ್ಕು ಹಿಡಿಯುವ ಜಾತಿಯಲ್ಲ, ಮೂವತ್ತೊಂದು ವರ್ಷದ ದಿನಬಳಕೆಯ ಮೇಲೂ ಹರಿತ ಎಳ್ಳಷ್ಟೂ ಕಡಿಮೆಯಾಗಿಲ್ಲ (ನಾಲಿಗೆಯನ್ನೂ ಸೇರಿಸಿ ಹೇಳುತ್ತಿದ್ದೇನೆ). ಐಬು ಒಂದೇ. ಏನನ್ನೂ ಎಸೆಯುವುದಿಲ್ಲ. ನಮ್ಮ ಅಡುಗೆಮನೆಯ ಕಪಾಟು ತೆರೆದರೆ ರಬ್ಬರ್ ಬ್ಯಾಂಡು ಸುತ್ತಿದ ಅರೆಬರೆ ಪೊಟ್ಟಣಗಳು ತಲೆಯ ಮೇಲೆ ಉದುರುತ್ತವೆ. ಕಾಲು ಪೊಟ್ಟಣ ಒಣದ್ರಾಕ್ಷಿ, ಒಂದು ಹಿಡಿ ಕಡಲೆಕಾಯಿ, ತಳ ಕಂಡ ಕಾರ್ನ್‌ಫ್ಲೇಕ್ಸ್. ಮಿನ್ನೆಸೋಟದ ಈ ಕೆರೆಯೂರಿನಲ್ಲಿ ಮೊಳೆ, ತಿರುಪು, ಬೀಗ ಮಾರಿ ಬದುಕಿದ ನನಗೆ, ಅಂದರೆ ಆರ್ವಿಡ್ ಟೊಲೆಫ್‌ಸನ್‌ಗೆ, ಓಡದ ಮಾಲನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ಆ ಡಿಸೆಂಬರಿನ ಒಂದು ಬುಧವಾರ ಆರ್ಡಿಸ್ ಅಂಗಳದ ಮಂಜುಗಡ್ಡೆಯ ಮೇಲೆ ಜಾರಿ ಬಲ ಮಣಿಕಟ್ಟು ಮುರಿದುಕೊಂಡಳು. ಗುರುವಾರ ಹಿಮಗಾಳಿ ಎದ್ದು ರಸ್ತೆ ಬಂದ್. ಶನಿವಾರವೋ, ಚರ್ಚಿನ ನೆಲಮಾಳಿಗೆಯಲ್ಲಿ ಕ್ರಿಸ್‌ಮಸ್ ಕಾಫಿ ಕೂಟ. ಮನೆಗೊಂದು ತಟ್ಟೆ ಬಿಸ್ಕತ್ತು ಹೋಗಬೇಕು. ಯಾರ ತಟ್ಟೆ ಖಾಲಿಯಾಯಿತು, ಯಾರದು ತುಂಬಿಕೊಂಡೇ ಮನೆಗೆ ಮರಳಿತು ಎಂಬುದನ್ನು ನಮ್ಮೂರು ಈಸ್ಟರ್ ತನಕ ಮರೆಯುವುದಿಲ್ಲ. ಬಾಯಿಬಿಟ್ಟು ಹೇಳುವುದೂ ಇಲ್ಲ. ಆರ್ಡಿಸ್‌ಳ ತಟ್ಟೆ ಒಂದು ವರ್ಷವೂ ಖಾಲಿಯಾದದ್ದಿಲ್ಲ. ಹಿಂದಿನ ವರ್ಷ ಜನ ಒಂದು ಚೂರು ಕಚ್ಚಿ, “ಬೇರೆ ಥರ ಇದೆ” ಅಂದಿದ್ದರು. ನಮ್ಮ ಕಡೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಶುಕ್ರವಾರ ಬೆಳಿಗ್ಗೆ ಲೊರೇನ್ ನೈಗಾರ್ಡ್ ಫೋನು ಮಾಡಿದಳು. ಹತ್ತೊಂಬತ್ತು ವರ್ಷದಿಂದ ಬಿಸ್ಕತ್ತು ಮೇಜಿನ ಏಕಚ್ಛತ್ರಾಧಿಪತಿ ಈಕೆ. ಆಕೆಯ ತಟ್ಟೆ ಹತ್ತೇ ನಿಮಿಷದಲ್ಲಿ ಖಾಲಿ. ಫೋನಿನಲ್ಲಿ ಆಕೆ ಮಾತಾಡಿದರೆ ಪಕ್ಕದ ಕೋಣೆಗೂ ಕೇಳುತ್ತದೆ.

“ಪಾಪ, ಕೈ ಹೇಗಿದೆಯೇ ಆರ್ಡಿಸ್? ತಲೆ ಕೆಡಿಸ್ಕೋಬೇಡ. ನಿನ್ನ ಪಾಲಿನ ಆರು ಡಜನ್ನೂ ನಾನೇ ಮಾಡಿ ತರ್ತೀನಿ. ನಿನ್ನ ಹೆಸರಿನ ಚೀಟೀನೇ ಇಟ್ಬಿಡೋಣ. ಒಂದು ವರ್ಷವಾದ್ರೂ ನಿನ್ನ ತಟ್ಟೆ ಖಾಲಿಯಾಗ್ಲಿ, ಏನಂತೀಯಾ?”

ಆರ್ಡಿಸ್‌ಳ ಕಿವಿ ಕೆಂಪಗಾಯಿತು. “ನಿಂಗ್ಯಾಕಮ್ಮಾ ತೊಂದರೆ. ನಮ್ಮನೇಲಿ ಬಿಸ್ಕತ್ತಿನ ಕೆಲಸ ಆಗ್ಲೇ ಶುರುವಾಗಿದೆ” ಎಂದು ಫೋನು ಕುಕ್ಕಿದಳು.

“ಯಾರು ಶುರು ಮಾಡಿದ್ದು?” ಕೇಳಿದೆ.

“ನೀನು. ಏಳು, ಕೈ ತೊಳ್ಕೋ.”

ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ ಇದ್ದವು. ಒಳಗೆ ಹಾಕಲು ಚಾಕೊಲೆಟ್ ಇದ್ದದ್ದು ಒಂಬತ್ತು ಚೂರು. ಎಪ್ಪತ್ತೆರಡು ಬಿಸ್ಕತ್ತಿಗೆ ಒಂಬತ್ತು ಚೂರು ಹಂಚುವ ಬಗೆಯನ್ನು ಆರ್ಡಿಸ್ ಕುರ್ಚಿಯಲ್ಲಿ ಕೂತು ಚಿಂತಿಸುತ್ತಿದ್ದಾಗ ನನಗೆ ಜ್ಞಾನೋದಯವಾಯಿತು. ಅಂಗಡಿಯಲ್ಲಿ ಜೊತೆ ತಪ್ಪಿದ ತಿರುಪು, ವಾಷರು, ಕೊಂಡಿಗಳನ್ನೆಲ್ಲ ಒಂದು ಡಬ್ಬಿಗೆ ಸುರಿದು ‘ಎಲ್ಲದಕ್ಕೂ ಆಗುತ್ತದೆ’ ಎಂದು ಚೀಟಿ ಅಂಟಿಸುತ್ತೇನೆ. ಅದರಷ್ಟು ಬೇಗ ಓಡುವ ಮಾಲು ನನ್ನಲ್ಲಿ ಇನ್ನೊಂದಿಲ್ಲ.

“ಕಪಾಟು ಖಾಲಿ ಮಾಡೋಣ” ಅಂದೆ. “ಇದ್ದದ್ದನ್ನೆಲ್ಲ ಹಾಕೋಣ.”

“ಅಲ್ಲಯ್ಯಾ, ಆಲೂಗೆಡ್ಡೆ ಚಿಪ್ಸ್ ಯಾಕೆ ಕೈಗೆ ತಗೊಂಡೆ?”

“ಅದೂ ಇದ್ದದ್ದೇ ತಾನೆ?”

“ಬೂಟ್ ಪಾಲಿಶೂ ಇದೆ. ಹಾಕ್ತೀಯಾ?”

“ಯಾವ ಬಣ್ಣದ್ದು?”

ಒಣದ್ರಾಕ್ಷಿ ಬಿತ್ತು. ಕಡಲೆಕಾಯಿ ಬಿತ್ತು. ಕಾರ್ನ್‌ಫ್ಲೇಕ್ಸ್ ಬಿತ್ತು. ಚಿಪ್ಸನ್ನು ಪುಡಿಮಾಡಿ ಹಾಕಿದೆ. ಬೆಳಗಿನ ಕಾಫಿ ಅರ್ಧ ಲೋಟ ಉಳಿದಿತ್ತು, ಅದನ್ನೂ ಬಿಡಲಿಲ್ಲ. ಅಕ್ಟೋಬರಿನಲ್ಲಿ ಓಣಿಯ ಮಕ್ಕಳಿಗೆ ಹಂಚಿ ಉಳಿದ ಕ್ಯಾರಮೆಲ್ ಮಿಠಾಯಿ ಒಂದು ಚೀಲವಿತ್ತು. ಒಂದೊಂದೂ ಕಲ್ಲು. ಮನೆಯಲ್ಲಿದ್ದ ನಮ್ಮ ಅಂಗಡಿಯದೇ ಸುತ್ತಿಗೆಯಲ್ಲಿ ಕುಟ್ಟಿದೆ (ಹಿಡಿ ಬಿಗಿಯಾಗಿದೆ, ಬೇಕಿದ್ದವರು ಬಂದು ನೋಡಬಹುದು). ಆರ್ಡಿಸ್ ಕಣ್ಣು ಮುಚ್ಚಿಕೊಂಡು ಏನೋ ಪ್ರಾರ್ಥನೆ ಗೊಣಗಿದಳು.

ಕಲಸಿದ ಹಿಟ್ಟು ಅರ್ಧ ಗಂಟೆ ತಣ್ಣಗಿರಬೇಕಂತೆ. ಅಷ್ಟರಲ್ಲಿ ನಾನು ಬಾಗಿಲ ಮುಂದಿನ ಹಿಮ ಎತ್ತಿಹಾಕಲು ಹೋದೆ. ಮರಳಿ ಬಂದಾಗ ಅವಳ ಎಡಗೈಗೆಲ್ಲ ಹಿಟ್ಟು ಮೆತ್ತಿತ್ತು.

“ರುಚಿ ನೋಡಿದೆ” ಅಂದಳು.

ಮೊಣಕೈವರೆಗೆ ಅದ್ದಿ ರುಚಿ ನೋಡುವವರನ್ನು ನಾನು ಕಂಡಿರಲಿಲ್ಲ. ಆದರೆ ಆಗಲೇ ನಾನು ಸಂಶೋಧಕನ ಗತ್ತಿನಲ್ಲಿದ್ದೆ. ಕ್ಷುಲ್ಲಕ ವಿಷಯಗಳಿಗೆ ಗಮನ ಕೊಡಲಿಲ್ಲ.

ಶನಿವಾರ ರಸ್ತೆ ತೆರೆಯಿತು. ನೆಲಮಾಳಿಗೆಯಲ್ಲಿ ನಮ್ಮ ತಟ್ಟೆಗೆ ಮೊದಲು ಕೈಹಾಕಿದವನು ಹಾಲಿನ ಡೈರಿಯ ಎಲ್ಮರ್ ಸ್ಕೋಗನ್. ವರ್ಷಕ್ಕೆ ಎರಡು ಮಾತಾಡುವವನು. ಕಚ್ಚಿದ. ಅಗಿದ. ಚಾವಣಿ ನೋಡಿದ.

“ಬೇರೆ ಥರ ಇದೆ” ಅಂದ.

ಆರ್ಡಿಸ್‌ಳ ಮುಖ ಬಿಳುಚಿತು. ನನ್ನ ತೋಳು ಹಿಡಿದ ಅವಳ ಎಡಗೈ ಬಿಗಿಯಾಯಿತು. ಆಗ ಎಲ್ಮರ್, ಯಾರೂ ಒತ್ತಾಯ ಮಾಡದೆ, ಇನ್ನೊಂದು ತೆಗೆದುಕೊಂಡ! ಆಮೇಲೆ ಎರಡನ್ನು ಕೋಟಿನ ಜೇಬಿಗಿಳಿಸಿದ. ಅಷ್ಟೇ ಸಾಕಾಯಿತು. ಜನ ಮುಗಿಬಿದ್ದರು. ಪಾದ್ರಿಗಳು ನಾಲ್ಕು ತಿಂದರು, ಅವರ ಹೆಂಡತಿ ತಿಂದದ್ದು ಲೆಕ್ಕಕ್ಕೇ ಸಿಗಲಿಲ್ಲ. ಆಚೆ ಲೊರೇನಳ ನಕ್ಷತ್ರದಾಕಾರದ ಬಿಸ್ಕತ್ತುಗಳು ಮುಕ್ಕಾಲು ತಟ್ಟೆ ಹಾಗೇ ಕೂತು ನಮ್ಮನ್ನು ನೋಡುತ್ತಿದ್ದವು.

ಕೊನೆಗೆ ಒಂದೇ ಒಂದು ಉಳಿಯಿತು. ಕೊನೆಯದನ್ನು ತೆಗೆದುಕೊಳ್ಳುವಷ್ಟು ನಾಚಿಕೆಗೆಟ್ಟವರು ನಮ್ಮೂರಲ್ಲಿ ಹುಟ್ಟಿಲ್ಲ. ಒಬ್ಬರು ಬಂದು ಅರ್ಧ ಮುರಿದುಕೊಂಡರು. ಇನ್ನೊಬ್ಬರು ಬಂದು ಆ ಅರ್ಧದಲ್ಲಿ ಅರ್ಧ. ಉಳಿದ ಕಾಲು ತುಂಡಿನ ಸುತ್ತ ಎಲ್ಲರೂ ಕಾಫಿ ಹಿಡಿದು ನಿಂತರು. ಆರ್ಡಿಸ್ ಮಾತ್ರ ಆ ತುಂಡಿನ ಮೇಲಿಟ್ಟ ಕಣ್ಣನ್ನು ಕೀಳಲಿಲ್ಲ. ನಾನೋ, ಓಡದ ಮಾಲಿನ ಕುರಿತು ಉಪನ್ಯಾಸ ಕೊಡುತ್ತಿದ್ದೆ. ಹೆಂಗಸರು ಮೂವತ್ತು ವರ್ಷ ಅಡುಗೆಮನೆಯಲ್ಲಿದ್ದೂ ಕಾಣದ್ದನ್ನು ವ್ಯಾಪಾರಿ ಅರ್ಧ ದಿನದಲ್ಲಿ ಕಂಡದ್ದು ಹೇಗೆ, ಇತ್ಯಾದಿ.

“ಆರ್ವಿಡ್,” ಲೊರೇನ್ ಹತ್ತಿರ ಬಂದಳು, “ಬರೋ ವರ್ಷದಿಂದ ಬಿಸ್ಕತ್ತು ಮೇಜನ್ನ ನೀವೇ ವಹಿಸ್ಕೊಳ್ಳಿ. ನನ್ನ ಮಂಡಿ ಕೇಳಲ್ಲ.”

“ಅಯ್ಯೋ, ನನಗೆಲ್ಲಿ ಬರುತ್ತೆ!” ಅಂದೆ.

ನಮ್ಮಲ್ಲಿ ಮೊದಲ ‘ಬೇಡ’ ಮರ್ಯಾದೆಗೆ, ಎರಡನೆಯದು ಅಭ್ಯಾಸಕ್ಕೆ. ಮೂರನೆಯದೊಂದೇ ನಿಜವಾದ ‘ಬೇಡ.’

“ಹಾಗನ್ನಬೇಡಿ, ಇಷ್ಟು ಚೆನ್ನಾಗಿ ಮಾಡಿದ್ದೀರಿ.”

“ಇಲ್ಲಮ್ಮಾ, ಅಂಗಡಿ ಯಾರು ನೋಡ್ಕೊಳ್ಳೋದು?”

“ಕೊನೇ ಸಲ ಕೇಳ್ತೀನಿ. ಆಗುತ್ತೋ, ಇಲ್ವೋ?”

ಮೂರನೆಯ ‘ಬೇಡ’ಕ್ಕೆ ನಾನು ಬಾಯಿ ತೆರೆದೆ. ತೆರೆದ ಬಾಯಿಗೆ ಆರ್ಡಿಸ್ ಎಡಗೈಯಿಂದ ಆ ಕಾಲು ತುಂಡನ್ನು ತುರುಕಿದಳು. “ನೀನೇ ಮಾಡಿದ್ದು, ನೀನೇ ಮುಗಿಸು.”

ಆ ಚೀಲದ ಅತಿ ದೊಡ್ಡ ಕ್ಯಾರಮೆಲ್ ಆ ತುಂಡಿನಲ್ಲೇ ಅಡಗಿ ಕೂತಿತ್ತೋ ಏನೋ. ಮೇಲಿನ ಹಲ್ಲು, ಕೆಳಗಿನ ಹಲ್ಲು ಬೆಸುಗೆ ಹಾಕಿದಂತೆ ಒಂದಾದವು. ನಾನು ತಲೆ ಅಲ್ಲಾಡಿಸಿದೆ, ಕೈ ಬೀಸಿದೆ, ಮೂಗಿನಲ್ಲಿ ಕೂಗಿದೆ.

“ನೋಡಿ, ಸಂತೋಷಕ್ಕೆ ಮಾತೇ ಹೊರಡ್ತಿಲ್ಲ ಪಾಪ” ಅಂದರು ಪಾದ್ರಿಗಳು. ಚಪ್ಪಾಳೆ ಬಿತ್ತು. ಬರುವ ವರ್ಷದ ಬಿಸ್ಕತ್ತು ಮೇಜು ನನ್ನದೆಂದು ಚರ್ಚಿನ ಪುಸ್ತಕದಲ್ಲೂ ಬರೆದುಕೊಂಡರು.

ಟ್ರಕ್ಕಿನಲ್ಲಿ ಮನೆಗೆ ಹೊರಟು ಕೆರೆ ದಾಟುವ ಹೊತ್ತಿಗೆ ನನ್ನ ದವಡೆ ಬಿಟ್ಟಿತು.

“ಬೇಕಂತ್ಲೇ ತುರುಕಿದೆ, ಅಲ್ವಾ?”

“ಒಂದ್ಸಲ ಖಾಲಿ ತಟ್ಟೆ ಮನೆಗೆ ತರ್ಬೇಕಿತ್ತು ನಂಗೆ” ಅಂದಳು. ತಟ್ಟೆಯನ್ನು ತೊಡೆಯ ಮೇಲೆ ಬೋರಲು ಹಾಕಿ ಮಗುವಿನ ಬೆನ್ನು ತಟ್ಟುವಂತೆ ತಟ್ಟುತ್ತಿದ್ದಳು. “ಇನ್ಮೇಲೆ ಡಿಸೆಂಬರಲ್ಲಿ ನೀನು ಒಲೆ ಮುಂದೆ, ನಾನು ಕುರ್ಚೀಲಿ. ಅಂದ ಹಾಗೆ, ಸೋಡಾ ಎಷ್ಟು ಹಾಕಿದ್ದೆ?”

“ಯಾವ ಸೋಡಾ?”

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಅಡುಗೆ ಸೋಡಾ, ಮಹಾರಾಯ! ನೀನು ಹಿಮ ಎತ್ತೋಕೆ ಹೋದಾಗ ನಾನು ಎರಡು ಚಮಚ ಹಾಕಿ, ಇಡೀ ಹಿಟ್ಟನ್ನ ಎಡಗೈಲೇ ಮತ್ತೆ ಕಲಸಿದೆ. ಇಲ್ದಿದ್ರೆ ನಿನ್ನ ಬಿಸ್ಕತ್ತನ್ನ ಅಂಗಡೀಲಿ ವಾಷರ್ ಜೊತೆ ಮಾರ್ಬೇಕಾಗ್ತಿತ್ತು.”

“ಅಷ್ಟು ಜನರ ಮುಂದೆ ಕೊಚ್ಕೋತಾ ಇದ್ದೆನಲ್ಲ, ಹೇಳ್ಬಾರದಿತ್ತಾ?”

“ಯಾಕೆ ಹೇಳ್ಬೇಕು? ಚೆನ್ನಾಗಿ ಕೊಚ್ಕೋತಾ ಇದ್ದೆ.”

ಇಂದಿನವರೆಗೂ ಅವಳು ಅದನ್ನು ಊರಲ್ಲಿ ಯಾರಿಗೂ ಹೇಳಿಲ್ಲ. ಆರ್ಡಿಸ್‌ಗೆ ನಾನು ಎರಡು ಚಮಚ ಅಡುಗೆ ಸೋಡಾದ ಋಣಿ.