ವಿಲ್ಲಿಯ ನಿದ್ದೆ

ಬೇರೆಯವರ ಕಾರು, ಪ್ರಮೋಷನ್ ಕಂಡು ಹೊಟ್ಟೆಕಿಚ್ಚು ಪಡುವವರ ಮೇಲೆ ನನಗೆ ಗೌರವವಿದೆ. ಅವರದು ಅಂತಸ್ತಿಗೆ ತಕ್ಕ ಮತ್ಸರ. ನನ್ನದು ತೀರಾ ಅಗ್ಗದ್ದು. ನಾನು ಉರಿದುಕೊಂಡದ್ದು ವಿಲ್ಲಿಯ ನಿದ್ದೆ ಕಂಡು. ವಿಲ್ಲಿ ನನ್ನ ಸಹೋದ್ಯೋಗಿ, ಮಂಗಳೂರು ಕಡೆಯ ಕೊಂಕಣಿಗ, ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಮ್ಮದೇ ಕಟ್ಟಡದವನು. ಬನಿಯಾಸ್‌ನ ಆಫೀಸಿಗೆ ದಿನವೂ ನನ್ನ ಕಾರಿನಲ್ಲೇ ಬರುತ್ತಿದ್ದ. ಸೀಟ್ ಬೆಲ್ಟ್ ಹಾಕಿದನೋ, ಗೊರಕೆ ಶುರು. ರಾತ್ರಿಯಿಡೀ ಹೊರಳಾಡಿ ಬಂದ ನಾನು ಸ್ಟೀರಿಂಗ್ ಹಿಡಿದು ಹಲ್ಲು ಕಡಿಯುತ್ತಿದ್ದೆ. ಅಮ್ಮ ಫೋನಿನಲ್ಲಿ ಗಸಗಸೆ ಪಾಯಸ ಕುಡಿ ಎಂದಳು. ಈ ದೇಶದಲ್ಲಿ ಗಸಗಸೆಯೂ ಮಾದಕವಸ್ತು, ತಂದರೆ ಜೈಲಿನಲ್ಲಿ ಮಲಗಬೇಕಾಗುತ್ತದೆ ಎಂದೆ. "ಅಲ್ಲಿಯಾದ್ರೂ ನಿದ್ರೆ ಬರ್ತದಾ?" ಎಂದು ಕೇಳಿದಳು.

ನಿದ್ದೆಗೆಟ್ಟು ಒಬ್ಬ ಗಿರಾಕಿಯ ಪತ್ರವನ್ನು ಅವನ ಎದುರಾಳಿಗೇ ಕಳಿಸಿದ ಮೇಲೆ ಮ್ಯಾನೇಜರ್, "ಇನ್ನೊಂದು ತಪ್ಪಾದರೆ ಖಲಾಸ್" ಎಂದರು. ಕೆಲಸ ಹೋದರೆ ವೀಸಾವೂ ಹೋದಂತೆ. ಹೆದರಿ ದುಬೈಯ ಕ್ಲಿನಿಕ್ಕೊಂದರಲ್ಲಿ, ಶಾಂತವಾಗಿರಲು ಮೆದುಳಿಗೆ ಕಲಿಸುವ ನ್ಯೂರೋಫೀಡ್‌ಬ್ಯಾಕ್ ತರಬೇತಿಗೆ ಸೇರಿದೆ. ತಲೆಗೆ ಅಂಟು ಮೆತ್ತಿ, ವೈರು ಸಿಕ್ಕಿಸಿ, ಮೀನುಗಳ ಸಿನಿಮಾದ ಮುಂದೆ ಕೂರಿಸುತ್ತಾರೆ. ಮೆದುಳು ಶಾಂತವಾದರೆ ಮೀನು ಫಳಫಳ. ಕದಡಿದರೆ ತೆರೆ ಮಂಕು. ಶನಿವಾರ ರಜೆಯೆಂದು ವಿಲ್ಲಿಯೂ ಜೊತೆಗೆ ಬಂದು ಹೊರಗಿನ ಸೋಫಾದಲ್ಲಿ ಮಲಗುತ್ತಿದ್ದ. ಗಾಜಿನ ಬಾಗಿಲಾಚೆ ಅವನ ತೆರೆದ ಬಾಯಿ ಕಂಡದ್ದೇ ತಡ, ನನ್ನ ಮೀನುಗಳೆಲ್ಲ ಕತ್ತಲಲ್ಲಿ ಮುಳುಗುತ್ತಿದ್ದವು. "ಆಫೀಸ್ ಟೆನ್ಷನ್ನಾ ಸರ್?" ಎಂದು ತರಬೇತಿಯ ಯುವತಿ ಕನಿಕರದಿಂದ ಕೇಳುತ್ತಿದ್ದಳು. ಹೌದೆನ್ನುತ್ತಿದ್ದೆ.

ನಡುವೆ ನಾಲ್ಕು ದಿನ ಕಂಪನಿ ಕೆಲಸಕ್ಕೆ ಬೇರೆ ಊರಿಗೆ ಹೋಗಿ ಬಂದ ವಿಲ್ಲಿ, ಆರನೆಯ ಶನಿವಾರ ದಾರಿಯುದ್ದಕ್ಕೂ ಎಚ್ಚರವಾಗಿದ್ದ. ಕಣ್ಣು ಕೆಂಪು.

"ಎಂತಾಯ್ತು ಮಾರಾಯ?"

"ನಾಲ್ಕು ದಿನ ಆಯ್ತು ಮಾರಾಯ್ರೆ, ನಿದ್ರೆಯೇ ಇಲ್ಲ. ಆ ಕ್ಲಿನಿಕ್ಕಿನ ಪೇಪರಲ್ಲಿ ಓದಿದೆ, ನಿದ್ರೆ ಇಲ್ಲದವರಿಗೆ ಡ್ರೈವ್ ಮಾಡುವಾಗ ಒಮ್ಮೆಗೇ ಕಣ್ಣು ಮುಚ್ಚಿ ಹೋಗ್ತದಂತೆ. ನಿಮಗೆ ಎಂತಾದ್ರೂ ಆದ್ರೆ? ಮಲಗಿದ್ರೆ ಅದೇ ಯೋಚನೆ. ದಿನಾ ಜಪಸರ ಹೇಳ್ತಿದ್ದೇನೆ, ನಿಮಗೋಸ್ಕರ."

ನಾನು ಕರಗಿಹೋಗಬೇಕಿತ್ತು. ಆದರೆ ವೈರು ಸಿಕ್ಕಿಸಿಕೊಂಡು ಕೂತರೆ, ಗಾಜಿನಾಚೆ ಮುಚ್ಚದ ಅವನ ಕೆಂಪು ಕಣ್ಣು ಕಂಡು, ಅರ್ಧ ಗಂಟೆ ಪೂರ್ತಿ ಮೀನುಗಳು ಮಿಂಚಿದ್ದೇ ಮಿಂಚಿದ್ದು! ಯುವತಿ ಚಪ್ಪಾಳೆ ತಟ್ಟಿದಳು. "ಏನು ನೆನೆಸಿಕೊಂಡಿರಿ ಸರ್? ದಿನಾ ಮಲಗುವಾಗ ಅದನ್ನೇ ನೆನೆಸಿಕೊಳ್ಳಿ."

ಹೊರಗೆ ವಿಲ್ಲಿಯೂ ಅದನ್ನೇ ಕೇಳಿದ. "ದೇವರನ್ನು" ಎಂದೆ. ಅಂತೂ ನಾನು ಗುಣವಾದೆನೆಂದು ಅವನ ಕಣ್ಣು ತುಂಬಿ ಬಂತು. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಕಾರು ಹತ್ತಿದವನು, ನಾವು ಪಾರ್ಕಿಂಗ್ ದಾಟುವ ಮೊದಲೇ ಗೊರಕೆ ಹೊಡೆಯತೊಡಗಿದ. ಮೊದಲ ಸಿಗ್ನಲ್ಲಿನಲ್ಲಿ ನಾನು ಬೇಕೆಂದೇ ಜೋರಾಗಿ ಬ್ರೇಕ್ ಒತ್ತಿದೆ. ಅವನು ಏಳಲಿಲ್ಲ.