ಸೋಸಿದ ನೀರಿನ ಕಂಪ್ಯೂಟರು

ನಮ್ಮ ಜೈನರ ಓಣಿಯಲ್ಲಿ ಕಾಕಾನ ಕಂಪ್ಯೂಟರಿನಷ್ಟು ಆಚಾರವಂತರು ಯಾರೂ ಇರಲಿಲ್ಲ. ಬಟ್ಟೆಯಲ್ಲಿ ಸೋಸಿ, ಕಾಸಿ, ಆರಿಸಿದ ನೀರಲ್ಲದೆ ಬೇರೆಯದನ್ನು ಅದು ಮುಟ್ಟುತ್ತಿರಲಿಲ್ಲ! ಮುಟ್ಟಲು ಕಾಕಾ ಬಿಡಬೇಕಲ್ಲ?

ಕಾಕಾ ಉಗಾರದಲ್ಲಿ ಸಕ್ಕರೆ ಕಾರ್ಖಾನೆಯ ಫಿಟ್ಟರು. ಅವನ ಹೆಂಡತಿ, ನಮ್ಮ ಕಾಕುವಿನ ಗಂಟಲಿನ ಆಪರೇಶನ್ನಿಗೆ ಒಂದು ತಿಂಗಳಿತ್ತು. ಆಮೇಲೆ ದನಿ ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಅವಳ ಬೀಸುವ ಹಾಡು, ತೊಟ್ಟಿಲ ಹಾಡುಗಳನ್ನೆಲ್ಲ ರೆಕಾರ್ಡ್ ಮಾಡಿಬಿಡಬೇಕೆಂದು ಕಾಕಾ ಬಿಡಿಭಾಗ ತಂದು ತಾನೇ ಕಂಪ್ಯೂಟರ್ ಜೋಡಿಸಿದ. ಹಚ್ಚಿ ನೋಡಿದರೆ ಹಾಡಿಗಿಂತ ಫ್ಯಾನಿನ ಗುಂಯ್ ಸದ್ದೇ ಜೋರು. ಫ್ಯಾನ್ ತೆಗೆದರೆ ಕಂಪ್ಯೂಟರು ಕಾದು ಬಂದ್ ಆಗುತ್ತಿತ್ತು.

ದಿನವೂ ಕಾರ್ಖಾನೆಯ ಪೈಪುಗಳ ನಡುವೆಯೇ ಓಡಾಡುವವನಿಗೆ ಇದ್ಯಾವ ಲೆಕ್ಕ? ಅದನ್ನು ನೀರಿನಿಂದಲೇ ತಂಪು ಮಾಡಲು ಸಣ್ಣ ಪಂಪು, ಪೈಪು, ಉದ್ದನೆಯ ರೇಡಿಯೇಟರು ತಂದ. ಒಳಗೆ ಕಾದ ನೀರು ರೇಡಿಯೇಟರಿಗೆ ಬಂದು, ಆರಿ, ಮತ್ತೆ ಒಳಗೆ ಹೋಗಬೇಕು. ಆದರೆ ರೇಡಿಯೇಟರಿಗೂ ಒಂದು ಫ್ಯಾನ್ ಇತ್ತಲ್ಲ! ಅದನ್ನೆಲ್ಲಿ ಇಡುವುದು? ಗೋಡೆಯ ತುಂಬ ಸೀಮೆಸುಣ್ಣದ ನಕ್ಷೆಗಳೆದ್ದವು. ಕಂಪ್ಯೂಟರಿನ ಡಬ್ಬಿಯ ನೆತ್ತಿಯ ಮೇಲಿಟ್ಟ, ಮತ್ತೆ ಗುಂಯ್. ಕಪಾಟಿನೊಳಗಿಟ್ಟ, ಕಾಕುವಿನ ರೇಷ್ಮೆ ಸೀರೆಗಳಿಗೆ ಬೆವರು ಬಂತು. ಅಡುಗೆಮನೆಗೆ ಸಾಗಿಸಿದ, ಲಟ್ಟಿಸಿಟ್ಟ ಚಪಾತಿ ಹಂಚು ಕಾಣುವ ಮೊದಲೇ ಹಪ್ಪಳವಾದವು. ಕಾಕು ಲಟ್ಟಣಿಗೆ ತೋರಿಸಿ ಅವನನ್ನು ಹೊರಗೆ ಹಾಕಿದಳು.

ಇನ್ನು ನೀರಿನ ಕಥೆ. ಡಿಸ್ಟಿಲ್ಡ್ ವಾಟರ್ ಹಾಕಿ ವರ್ಷದವರೆಗೂ ಮುಟ್ಟಬೇಡಿ ಎಂದು ಅಂಗಡಿಯವನು ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು.

"ವರ್ಷಗಟ್ಟಲೆ ಒಂದ ನೀರ ಇಟ್ರ ಅದರಾಗ ಜೀವ ಹುಟ್ತಾವ್ರಿ," ಎಂದ ಕಾಕಾ.

"ಅದನ್ನ ಯಾರೂ ಕುಡಿಯೂದಿಲ್ಲಲ್ರಿ ಸಾಹೇಬ್ರ!"

ಯಾರು ಕೇಳಬೇಕು? ಕಾಸಿದ ನೀರಿಗೆ ನಮ್ಮಲ್ಲಿ ಒಂದೇ ದಿನದ ಅವಧಿ. ಹಾಗಾಗಿ ದಿನಾ ಬೆಳಿಗ್ಗೆ ಕಾಕಾ ಪೈಪು ಬಿಚ್ಚಿ, ಹಳೆಯ ನೀರನ್ನು ದಾಸವಾಳಕ್ಕೆ ಹಾಕಿ, ಹೊಸದು ತುಂಬುತ್ತಿದ್ದ. ಒಮ್ಮೆ ಡ್ಯೂಟಿಯ ಗಡಿಬಿಡಿಯಲ್ಲಿ ಆರಿಸುವುದನ್ನೇ ಮರೆತು ಕುದಿಯುವ ನೀರನ್ನೇ ಸುರಿದುಬಿಟ್ಟ. ತಂಪು ಮಾಡಲು ಕುದಿನೀರು! ಕಂಪ್ಯೂಟರು ಹಚ್ಚುತ್ತಲೇ ಕಣ್ಣು ಮುಚ್ಚಿತು. ಕಾಕು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು.

"ಗಂಟಲ ಕೆಟ್ಟದ್ದು ನಂದು. ಪಥ್ಯ ಅದಕ್ಕ ಮಾಡಸಾಕತ್ತಾರ," ಎಂದಳು.

ಆಪರೇಶನ್ನಿಗೆ ಎರಡೇ ದಿನ ಉಳಿದಾಗ ಕಾಕಾ ಕಿಟಕಿಯ ಚೌಕಟ್ಟಿಗೆ ತೂತು ಕೊರೆದು, ಪೈಪನ್ನು ಹೊರಗೆಳೆದು, ರೇಡಿಯೇಟರನ್ನು ಅಂಗಳದ ತುಳಸಿಯ ಪಕ್ಕ ಕೂರಿಸಿದ. ಪಂಪನ್ನು ಹಳೆಯ ಕೌದಿಯಲ್ಲಿ ಸುತ್ತಿದ. ಕೋಣೆ ಗಪ್ಪಾಯಿತು. ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ. ಕಾಕು ಒಂದಾದ ಮೇಲೊಂದು ಹನ್ನೊಂದು ಹಾಡು ಹೇಳಿದಳು.

ಡಾಕ್ಟರು ಹೇಳಿದಂತೆಯೇ ಆಯಿತು. ಆಪರೇಶನ್ ಆಗಿ ಮನೆಗೆ ಬಂದ ಕಾಕುವಿಗೆ ದನಿ ಇರಲಿಲ್ಲ.

ಒಂದು ಸಂಜೆ ಎಲ್ಲರೂ ಕೂತು ರೆಕಾರ್ಡಿಂಗ್ ಕೇಳಿದೆವು. ಫ್ಯಾನಿನ ಸದ್ದಿಲ್ಲ, ಪಂಪಿನ ಸದ್ದಿಲ್ಲ, ಕಾಕುವಿನ ದನಿ ಒಂದೇ. ತೊಟ್ಟಿಲ ಹಾಡಿನ ನಡುವೆ ಮಾತ್ರ ಮೈಕಿನ ಹತ್ತಿರವೇ ಗಂಡಸೊಬ್ಬ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಕಾಕಾ ನಾಚಿ, ಅದೊಂದು ಗದ್ದಲ ಉಳಿದುಬಿಟ್ಟಿದೆ, ತೆಗೆಯುತ್ತೇನೆ ಎಂದು ಮೌಸಿಗೆ ಕೈ ಹಾಕಿದ. ಕಾಕು ಆ ಕೈಯ ಮೇಲೆ ಪಟ್ಟನೆ ಹೊಡೆದಳು. ಆಮೇಲೆ ಆ ಕೈ ಹಿಡಿದವಳು ಬಿಡಲೇ ಇಲ್ಲ.